ಮೇಲಿನ ರೂಮಲ್ಲಿ 14 ದಿನ, ಸ್ಪೀಕರ್ ಹಾಕಿಟ್ಟ ಫೋನು

2021ರ ಮೇ 10ಕ್ಕೆ ರಾಜ್ಯಕ್ಕೆಲ್ಲ ಲಾಕ್‌ಡೌನ್ ಶುರುವಾಯ್ತಲ್ಲ, ಅದಾಗಿ ಎರಡೇ ದಿನಕ್ಕೆ ನಂಗೆ ಕೊರೊನಾ ಪಾಸಿಟಿವ್ ಬಂತು. ಮನೆ ಮೈಸೂರಿನ ಕುವೆಂಪುನಗರ, ಮೇಲೊಂದು ರೂಮು, ಅಲ್ಲೇ ಬಾತ್‌ರೂಮೂ ಇದೆ, ಹಂಗಾಗಿ ಡಾಕ್ಟ್ರು ಮನೇಲೇ ಇರಿ ಅಂದ್ರು. ಕೆಳಗೆ ಹೆಂಡ್ತಿ, ಐದನೇ ಕ್ಲಾಸ್ ಓದ್ತಿದ್ದ ಮಗಳು. ಅಕ್ಕ ಮಂಡ್ಯದಲ್ಲಿ. ಅವ್ವ ಪಾಂಡವಪುರದ ಹತ್ರ ಊರಲ್ಲಿ ಒಬ್ಳೇ, ಶ್ರೀರಂಗಪಟ್ಟಣ ದಾಟ್ಕೊಂಡು ಹೋದ್ರೆ ಮುಕ್ಕಾಲು ಗಂಟೆ ದಾರಿ ಅಷ್ಟೇ, ಆದ್ರೆ ಆಗ ಜಿಲ್ಲೆ ದಾಟಂಗಿಲ್ಲ, ದಾಟಕ್ಕೆ ಬಿಟ್ರೂ ನಾನು ಹೋಗೋ ಸ್ಥಿತೀಲಿಲ್ಲ.

ಆ 14 ದಿನ ಫೋನ್ ಇಟ್ಕೊಂಡು ಹೆಂಗೆ ಕಳೆದೆ ಅಂತ ಬರೀತಿದೀನಿ, ಯಾಕಂದ್ರೆ ಮೊದಲ ಮೂರು ದಿನ ನಾನು ಮಾಡಿದ್ದೆಲ್ಲ ತಪ್ಪೇ.

ಸುದ್ದಿ ಗೊತ್ತಾದ ತಕ್ಷಣ ಚಿಕ್ಕಪ್ಪಂದಿರು, ಆಫೀಸಿನವ್ರು, ಕಾಲೇಜ್ ಫ್ರೆಂಡ್ಸು ಎಲ್ರೂ ಕಾಲ್ ಮಾಡಕ್ಕೆ ಶುರು ಮಾಡಿದ್ರು. ಎಲ್ರೂ ಪ್ರೀತಿಯಿಂದಾನೇ ಕೇಳೋದು, ಆದ್ರೆ ಜ್ವರ ಯಾವಾಗ ಬಂತು, ರುಚಿ ಹೋಗಿದ್ಯಾ, ಯಾವ ಮಾತ್ರೆ ಅಂತ ಅದೇ ಕಥೆ ದಿನಕ್ಕೆ ಹದಿನೈದು ಸಲ ಹೇಳ್ಬೇಕು, ಹೇಳ್ತಾ ಹೇಳ್ತಾ ಕೆಮ್ಮು ಬರೋದು, ಕೆಮ್ಮು ಕೇಳಿ ಅವ್ರಿಗೆ ಇನ್ನೂ ಗಾಬರಿ. ವಾಟ್ಸಾಪ್ ಗ್ರೂಪಲ್ಲಿ ಒಂದು ಕಡೆ ಕಷಾಯದ ಫಾರ್ವರ್ಡು, ಅದರ ಕೆಳಗೇ ಯಾರೋ ತೀರ್ಕೊಂಡ್ರು ಅಂತ ಫೋಟೋ. ರಾತ್ರಿ ಒಂದು ಗಂಟೇಲಿ ಅದನ್ನ ನೋಡ್ಕೊಂಡು ಮಲಗಿದ್ರೆ ಎದೆ ಹೊಡ್ಕೊಳೋದು ರೋಗಕ್ಕೋ ಭಯಕ್ಕೋ ಗೊತ್ತಾಗಲ್ಲ. ನಾಲ್ಕನೇ ದಿನ ಗ್ರೂಪೆಲ್ಲ ಮ್ಯೂಟ್ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಅಕ್ಕಂಗೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸೋದು, ಜ್ವರ ಎಷ್ಟು, ಆಕ್ಸಿಜನ್ ಎಷ್ಟು, ಏನ್ ತಿಂದೆ ಅಂತ, ಮಿಕ್ಕಿದವ್ರಿಗೆಲ್ಲ ಅಕ್ಕ ಹೇಳೋದು ಅಂತ ಮಾತಾಯ್ತು. ಗಂಟಲಿಗೆ ಅರ್ಧ ಆರಾಮ ಸಿಕ್ಕಿದ್ದೇ ಅವತ್ತಿಂದ.

ಇನ್ನೊಂದು ತಪ್ಪು ಅವ್ವಂಗೆ ಹೇಳ್ದೆ ಮುಚ್ಚಿಟ್ಟಿದ್ದು. ವಯಸ್ಸಾಗಿದೆ, ಒಬ್ಳೇ ಇದಾಳೆ, ಹೆದರ್ಕೋತಾಳೆ ಅಂತ ಬರೀ ನೆಗಡಿ ಅಂದಿದ್ದೆ. ಗ್ರೂಪ್ ನೋಡಿದವ್ರು ಯಾರೋ ಊರಿಗೆ ಹೇಳಿ, ಬೀದೀಲಿ ಯಾರೋ ಕೇಳಿ ಅವ್ವಂಗೆ ಗೊತ್ತಾಯ್ತು. ಅದೇ ಹೊತ್ತಿಗೆ ಅವ್ವನ ಕೀಪ್ಯಾಡ್ ಫೋನಿನ ಪ್ಯಾಕ್ ಮುಗ್ದೋಗಿತ್ತು, ನಂಗೆ ಕಾಲ್ ಮಾಡಕ್ಕೂ ಆಗ್ದೆ ಪಕ್ಕದ ಮನೆ ಹುಡುಗನ ಫೋನಿಂದ ಮಾಡಿದ್ಳು. "ಯಾಕ್ಲಾ ಮಗ, ನಾನೇನು ಹೊರಗಿನೋಳಾ?" ಅಂದ್ಳು, ಅಷ್ಟೇ, ಆಮೇಲೆ ಮಾತೇ ಇಲ್ಲ. ಆ ಮಾತು ಈಗಲೂ ಚುಚ್ಚುತ್ತೆ. ದಯವಿಟ್ಟು ಯಾರೂ ಹಂಗೆ ಮಾಡ್ಬೇಡಿ, ಮೊದಲು ನೀವೇ ಹೇಳ್ಬಿಡಿ. ಅವತ್ತೇ ಇಲ್ಲಿಂದ ರೀಚಾರ್ಜ್ ಮಾಡಿ, 28 ದಿನಕ್ಕೆ ಮುಂಚೆ ನೆನಪಾಗ್ಲಿ ಅಂತ ಫೋನಲ್ಲಿ ರಿಮೈಂಡರ್ ಇಟ್ಟೆ.

ಅಕ್ಕ ಅವ್ವಂಗೆ ಸ್ಮಾರ್ಟ್‌ಫೋನ್ ಕೊಡಿಸಣ ಅಂದ್ಳು. ಕೊಡಿಸಿದ್ರೂ ಹೇಳ್ಕೊಡೋರು ಯಾರು, ಪಕ್ಕದ ಹುಡುಗ ದಿನಾ ಒಳಗೆ ಬಂದು ಹೋಗೋದೂ ಆಗ ಸರಿಯಿಲ್ಲ. ಹಂಗಾಗಿ ಇರೋ ಫೋನಲ್ಲೇ ಕಾನ್ಫರೆನ್ಸ್ ಕಾಲ್. ನಾನು ಅವ್ವಂಗೆ ಮಾಡೋದು, ಅವಳು ಎತ್ತಿದ ಮೇಲೆ ಆಡ್ ಕಾಲ್ ಒತ್ತಿ ಅಕ್ಕಂಗೆ ಮಾಡೋದು, ಅವಳೂ ಎತ್ತಿದ್ಮೇಲೆ ಮರ್ಜ್. ಅವ್ವ ಮಾಡ್ಬೇಕಾಗಿದ್ದು ಹಸಿರು ಬಟನ್ ಒತ್ತಿ, ಸ್ಪೀಕರ್ ಬಟನ್ ಒತ್ತೋದು ಮಾತ್ರ. ನೆಟ್ ಬೇಡ, ಪ್ಯಾಕಲ್ಲಿ ಕಾಲ್ ಫ್ರೀ. ಸಂಜೆ ಏಳಕ್ಕೆ ಅಂತ ಟೈಮ್ ಫಿಕ್ಸ್ ಮಾಡಿದ್ವಿ. ಟೈಮ್ ಫಿಕ್ಸ್ ಮಾಡಿದ್ದು ತುಂಬ ಒಳ್ಳೇದಾಯ್ತು, ಯಾಕಂದ್ರೆ ಬೇರೆ ಹೊತ್ತಲ್ಲಿ ನನ್ನ ನಂಬರಿಂದ ಫೋನ್ ಬಂದ್ರೆ ಅವ್ವಂಗೆ ಕೈ ನಡುಗ್ತಿತ್ತಂತೆ.

ಮೊದಲೆರಡು ಸಂಜೆ ಐದು ನಿಮಿಷಕ್ಕೆ ಮಾತು ಮುಗಿಯೋದು. ಉಂಡ್ಯಾ, ಮಾತ್ರೆ ತಗಂಡ್ಯಾ, ಸರಿ ಮಡಗ್ತೀನಿ. ಮೂರನೇ ಸಂಜೆ ಅವ್ವ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಕ್ಕೆ ಕೂತಿದ್ಳು. ಕೈಯೆಲ್ಲ ಸೊನೆ, ಫೋನ್ ಕಟ್ ಮಾಡಕ್ಕಾಗ್ದೆ ಹಂಗೇ ಒರಳುಕಲ್ಲಿನ ಮೇಲೆ ಇಟ್ಟಿದ್ಳು. ಈಳಿಗೆಮಣೆ ಮೇಲೆ ಕಾಯಿ ಸೀಳೋ ಸದ್ದು, ವಾಟೆ ಗಟ್ಟಿ ಇದ್ದಾಗ ಒಂದು ಸಲ ನಿಂತು ಆಮೇಲೆ ಟಕ್ ಅನ್ನೋದು, ಹೋಳು ಬುಟ್ಟಿಗೆ ಬೀಳೋದು, ಕೊಟ್ಟಿಗೇಲಿ ಹಸು ಕೂಗಿದ್ರೆ "ಬತ್ತೀನಿ ಇರವ್ವ" ಅಂತ ಅದಕ್ಕೊಂದು ಮಾತು. ಅಕ್ಕ ಅತ್ಲಾಗಿಂದ ಸೊಪ್ಪು ಬಿಡಿಸ್ತಾ ಇದ್ಳು. ನಾನು ಕಣ್ಮುಚ್ಕೊಂಡು ಮಲಗಿದ್ದೆ. ಮುಕ್ಕಾಲು ಗಂಟೆ ಯಾರೂ ಹೆಚ್ಚು ಮಾತಾಡ್ಲಿಲ್ಲ, ನಡುವೆ ಒಂದ್ಸಲ ಅವ್ವ "ಇದೀಯೇನ್ಲಾ" ಅಂದ್ಳು, ಇದೀನವ್ವ ಅಂದೆ. ಅಷ್ಟು ದಿನದಲ್ಲಿ ಅವತ್ತೇ ನಾನು ಮಾತ್ರೆ ಇಲ್ದೆ ನಿದ್ದೆ ಹೋಗಿದ್ದು. ಅಲ್ಲಿಂದಾಚೆ ನಾವು ಮಾತಾಡಕ್ಕೆ ಅಂತ ಫೋನ್ ಮಾಡ್ಲೇ ಇಲ್ಲ, ಕೆಲಸ ಮಾಡ್ಕೊಂಡು ಫೋನ್ ಹಂಗೇ ಬಿಟ್ಟಿರ್ತಿದ್ವಿ, ಮಾತು ಬಂದ್ರೆ ಬಂತು.

ಮನೆಯೊಳಗೂ ಇದನ್ನೇ ಮಾಡಿದ್ವಿ. ತಟ್ಟೆ ಮೆಟ್ಟಿಲ ಮೇಲಿಟ್ಟು ಹೆಂಡ್ತಿ ಕೆಳಗಿಳಿದು ಹೋಗೋಳು, ಆಮೇಲೆ ನಾನು ತಗೊಳೋದು. ಕೆಳಗೆ ಊಟದ ಟೇಬಲ್ ಮೇಲೆ ಮಗಳು ಹಳೇ ಫೋನೊಂದನ್ನ ಉಪ್ಪಿನಕಾಯಿ ಭರಣಿಗೆ ಒರಗಿಸಿ ನಾನು ಕೂರೋ ಜಾಗಕ್ಕೇ ಇಡೋಳು, ವಿಡಿಯೋ ಕಾಲಲ್ಲಿ ಮೂರೂ ಜನ ಒಟ್ಟಿಗೆ ಊಟ. ಮೊದಲ ದಿನ ವೈಫೈ ಮೇಲಕ್ಕೆ ಬರ್ತಿರ್ಲಿಲ್ಲ, ರೂಟರ್ ಕೆಳಗೆ ಟಿವಿ ಹತ್ರ ಇತ್ತು, ಮಧ್ಯ ಕಾಂಕ್ರೀಟ್ ತಾರಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ರೂಟರ್‌ನ ಮೆಟ್ಟಿಲು ತಿರುಗೋ ಜಾಗದಲ್ಲಿ ಇಟ್ಟ ಮೇಲೆ ಸರಿಹೋಯ್ತು. ಎರಡು ಫೋನ್ ಒಂದೇ ಮನೇಲಿ ಇದ್ರೆ ದನಿ ಎರಡೆರಡು ಸಲ ಕೇಳುತ್ತೆ, ಒಬ್ರು ಇಯರ್‌ಫೋನ್ ಹಾಕ್ಕೊಂಡ್ರೆ ಆಯ್ತು. ಮೊಬೈಲ್ ಡೇಟಾದಲ್ಲಿ ಮಾಡೋರು ವಾಟ್ಸಾಪ್ ಸೆಟ್ಟಿಂಗಲ್ಲಿ ಕಾಲ್‌ಗೆ ಕಮ್ಮಿ ಡೇಟಾ ಬಳಸೋ ಆಯ್ಕೆ ಇದೆ, ಆನ್ ಮಾಡ್ಕೊಳಿ.

ಈ ಸಂಪರ್ಕ ಬರೀ ಮನಸ್ಸಿಗಲ್ಲ ಅಂತ ಗೊತ್ತಾಗಿದ್ದು ಎಂಟನೇ ದಿನ. ಬೆರಳಿಗೆ ಆಕ್ಸಿಜನ್ ಅಳೆಯೋ ಆಕ್ಸಿಮೀಟರ್ ಹಾಕ್ಕೊಂಡು ಆರು ನಿಮಿಷ ನಡೆದು ನೋಡಿ, ಆಕ್ಸಿಜನ್ 94ಕ್ಕಿಂತ ಇಳಿದ್ರೆ ತಿಳಿಸಿ ಅಂತ ಡಾಕ್ಟ್ರು ಹೇಳಿದ್ರು. ಅಕ್ಕ ಫೋನಲ್ಲಿ ಟೈಮ್ ನೋಡೋಳು, ನಾನು ರೂಮಲ್ಲೇ ಆ ಗೋಡೆಯಿಂದ ಈ ಗೋಡೆಗೆ. ಅವತ್ತು ಮುಗಿದಾಗ 92. ಒಬ್ನೇ ಇದ್ದಿದ್ರೆ ಮಿಷನ್ ಸರಿಯಿಲ್ಲ ಅಂದ್ಕೊಂಡು ಮಲಗಿಬಿಡ್ತಿದ್ದೆ, ಅಷ್ಟು ಸುಸ್ತಿತ್ತು. ಅಕ್ಕ ಕಾಲ್ ಕಟ್ ಮಾಡಕ್ಕೇ ಬಿಡ್ಲಿಲ್ಲ, ಗಂಡನ ಫೋನಿಂದ ಡಾಕ್ಟ್ರಿಗೆ ಮಾಡಿದ್ಳು, ಬೋರಲು ಮಲಗಿ ಅರ್ಧ ಗಂಟೆ ನೋಡಿ, ಏರ್ಲಿಲ್ಲ ಅಂದ್ರೆ ತಕ್ಷಣ ಆಸ್ಪತ್ರೆಗೆ ಬನ್ನಿ ಅಂದ್ರಂತೆ. ಎದೆ ಕೆಳಗೆ ದಿಂಬು ಇಟ್ಕೊಂಡು ಬೋರಲು ಮಲಗಿದೆ. ಫೋನ್ ಕಿವಿ ಪಕ್ಕ. ಕೆಳಗೆ ಹೆಂಡ್ತಿ ಚೀಲ ರೆಡಿ ಮಾಡ್ತಿರೋ ಸದ್ದು. ಐದೈದು ನಿಮಿಷಕ್ಕೆ ಅಕ್ಕ "ಎಷ್ಟು?" ಅನ್ನೋಳು. 92, 93, 93, ಆಮೇಲೆ 95. ಅಕ್ಕ ಅತ್ತಿದ್ದು ಆಗ ಕೇಳಿಸ್ತು.

ಜೂನ್ 14ಕ್ಕೆ ಬೇರೆ ಕಡೆ ಸಡಿಲ ಮಾಡಿದಾಗ ಮೈಸೂರು, ಮಂಡ್ಯ ಎರಡೂ ಬಿಗಿ ಮುಂದುವರಿಸಿದ 11 ಜಿಲ್ಲೆ ಪಟ್ಟೀಲೇ ಉಳಿದ್ವು, ಮೈಸೂರಿಗೆ ಅದಾದ ಮೇಲೂ ಬಿಡುವು ಸಿಗ್ಲಿಲ್ಲ. ಊರಿಗೆ ಹೋಗಕ್ಕೆ ಆಗಿದ್ದು ಜುಲೈ ಎರಡನೇ ವಾರ. ಅವ್ವ ತಟ್ಟೆಗೆ ಅದೇ ಉಪ್ಪಿನಕಾಯಿ ಹಾಕಿದ್ಳು. ಸಂಜೆ ಜಗಲೀಲಿ ಕೂತಿದ್ವಿ, ಏಳು ಗಂಟೆಗೆ ಫೋನ್ ಬಂತು, ಅಕ್ಕ. ಅವ್ವ ಹಸಿರು ಬಟನ್ ಒತ್ತಿ, ಸ್ಪೀಕರ್ ಹಾಕಿ, ತಗೊಂಡೋಗಿ ಒರಳುಕಲ್ಲಿನ ಮೇಲಿಟ್ಟು ರಾಗಿ ಕೇರಕ್ಕೆ ಕೂತ್ಕಂಡ್ಳು.