ಲಿಪಿಡ್ ವರದಿ ಓದಲು ಕಳೆಯುವ ಲೆಕ್ಕ ಬಂದರೆ ಸಾಕು

ಲಿಪಿಡ್ ಪ್ರೊಫೈಲ್ ಅಂದರೆ ರಕ್ತದಲ್ಲಿನ ಕೊಬ್ಬಿನ ಪರೀಕ್ಷೆ. ಅದರ ವರದಿ ಕೈಗೆ ಬಂದೊಡನೆ ಕಣ್ಣು ಹೋಗುವುದು ಒಟ್ಟು ಕೊಲೆಸ್ಟ್ರಾಲಿನ ಸಾಲಿಗೆ. 200ರ ಒಳಗಿದ್ದರೆ ನಿರಾಳ, ದಾಟಿದರೆ ಗಾಬರಿ (ಇಲ್ಲಿನ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದವು). ಆದರೆ ಆ ಒಂದು ಅಂಕಿ ಹೇಳುವುದು ತೀರಾ ಕಡಿಮೆ.

ಕೊಬ್ಬು ನೀರಿನಲ್ಲಿ ಕರಗದು. ರಕ್ತದಲ್ಲಿ ಬಹುಪಾಲು ನೀರೇ. ಹಾಗಾಗಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ (ಇನ್ನೊಂದು ಬಗೆಯ ಕೊಬ್ಬು) ಪ್ರೋಟೀನ್ ಅಂಟಿಕೊಂಡ ಸೂಕ್ಷ್ಮ ಕಣಗಳೊಳಗೆ ಕೂತು ಸಾಗುತ್ತವೆ. ಎಲ್‌ಡಿಎಲ್, ವಿಎಲ್‌ಡಿಎಲ್, ಎಚ್‌ಡಿಎಲ್ ಎಂಬುವು ಈ ಕಣಗಳ ಹೆಸರು. ಒಳಗಿರುವ ಕೊಲೆಸ್ಟ್ರಾಲ್ ಮಾತ್ರ ಒಂದೇ. ಎಲ್‌ಡಿಎಲ್ ಕಣಗಳೂ ವಿಎಲ್‌ಡಿಎಲ್‌ನ ಉಳಿಕೆಗಳೂ ರಕ್ತನಾಳದ ಒಳಗೋಡೆಗೆ ನುಸುಳಿ ಸಿಕ್ಕಿಕೊಳ್ಳುತ್ತವೆ, ‘ಒಳ್ಳೆಯ ಕೊಲೆಸ್ಟ್ರಾಲ್’ ಎನಿಸಿಕೊಂಡ ಎಚ್‌ಡಿಎಲ್ ಹಾಗೆ ಮಾಡದು. ವರ್ಷಗಟ್ಟಲೆ ಹೀಗೆ ಸೇರಿ ಗಂಟಾಗುತ್ತದೆ. ಗಂಟು ಬಿರಿದ ಕಡೆ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ, ಪಾರ್ಶ್ವವಾಯು.

ರಕ್ತ ಕೊಡುವ ಮುನ್ನ

9ರಿಂದ 12 ಗಂಟೆ ಉಪವಾಸವಿರಿ, ನೀರು ಕುಡಿಯಬಹುದು. ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್ ಊಟದಿಂದ ಹೆಚ್ಚು ಅಲುಗಾಡವು, ಏರುವುದು ಟ್ರೈಗ್ಲಿಸರೈಡ್. ಹಿಂದಿನ ದಿನದ ಮದ್ಯವೂ ಅದನ್ನೇ ಏರಿಸುತ್ತದೆ. ಜ್ವರ, ಸೋಂಕು, ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ಪರೀಕ್ಷೆ ಮಾಡಿಸಿದರೆ ಎಲ್‌ಡಿಎಲ್ ಸುಳ್ಳೇ ಇಳಿದು ಕಾಣುತ್ತದೆ. ಗರ್ಭಿಣಿಯರಲ್ಲಿ ಎಲ್ಲವೂ ಏರಿರುತ್ತದೆ.

ಮೊದಲು ಟ್ರೈಗ್ಲಿಸರೈಡ್ ನೋಡಿ

150ರ ಒಳಗಿದ್ದರೆ ಸರಿ. ಬಹಳ ಏರಿದಾಗ ಕೊಳವೆಯಲ್ಲಿ ಬೇರ್ಪಟ್ಟ ಸೀರಂ (ರಕ್ತದ ತಿಳಿ ದ್ರವ) ತಿಳಿಹಳದಿಯ ಬದಲು ಹಾಲಿನಂತೆ ಬೆಳ್ಳಗಾಗುತ್ತದೆ. 500 ದಾಟಿತೆಂದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತದ ಭಯವಿದೆ, ವೈದ್ಯರನ್ನು ಕಾಣಲು ತಡಮಾಡಬಾರದು. 400 ಮೀರಿದ್ದರೆ ಲೆಕ್ಕಹಾಕಿ ಬರೆದ ಎಲ್‌ಡಿಎಲ್ ಅಂಕಿಯನ್ನು ನಂಬಬೇಡಿ.

ಏಕೆಂದರೆ ಎಷ್ಟೋ ವರದಿಗಳಲ್ಲಿ ಎಲ್‌ಡಿಎಲ್ ಅಳೆದದ್ದಲ್ಲ, ಕಳೆದದ್ದು. 1972ರ ಫ್ರೀಡ್‌ವಾಲ್ಡ್ ಸೂತ್ರದಂತೆ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ವಿಎಲ್‌ಡಿಎಲ್‌ನ ಅಂದಾಜು ಪಾಲೆಂದು ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಊಟ ಮಾಡಿ ಹೋದವರಲ್ಲಿ ಟ್ರೈಗ್ಲಿಸರೈಡ್ ಏರಿ, ಎಲ್‌ಡಿಎಲ್ ಇದ್ದದ್ದಕ್ಕಿಂತ ಕಡಿಮೆ ಕಾಣುವುದು ಇದರಿಂದಲೇ.

ಈಗ ನೀವೇ ಕಳೆಯಿರಿ

ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಮಾತ್ರ ಕಳೆದರೆ ಉಳಿಯುವುದು ‘ನಾನ್ ಎಚ್‌ಡಿಎಲ್’, ಅಂದರೆ ನಾಳಕ್ಕೆ ಕಾಟ ಕೊಡುವ ಕಣಗಳಲ್ಲಿನ ಅಷ್ಟೂ ಕೊಲೆಸ್ಟ್ರಾಲ್. ಉಪವಾಸವಿರದಿದ್ದರೂ ಈ ಲೆಕ್ಕ ಕೆಡದು.

ಒಬ್ಬರಿಗೆ ಒಟ್ಟು 210, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 260 ಎನ್ನಿ. ಎಲ್‌ಡಿಎಲ್ 120, ನಾನ್ ಎಚ್‌ಡಿಎಲ್ 172. ಇನ್ನೊಬ್ಬರಿಗೆ ಒಟ್ಟು 230, ಎಚ್‌ಡಿಎಲ್ 80, ಟ್ರೈಗ್ಲಿಸರೈಡ್ 90. ಎಲ್‌ಡಿಎಲ್ 132, ನಾನ್ ಎಚ್‌ಡಿಎಲ್ 150. ಮೊದಲ ಸಾಲು ನೋಡಿದರೂ ಎಲ್‌ಡಿಎಲ್ ನೋಡಿದರೂ ಎರಡನೆಯವರದೇ ಕೆಟ್ಟದ್ದು ಅನಿಸುತ್ತದೆ. ಹೆಚ್ಚು ಚಿಂತಿಸಬೇಕಾದವರು ಮೊದಲನೆಯವರು!

ನಾನ್ ಎಚ್‌ಡಿಎಲ್‌ನ ಗುರಿ ಎಲ್‌ಡಿಎಲ್ ಗುರಿಗಿಂತ 30 ಹೆಚ್ಚು. ವರದಿಯ ಬದಿಯಲ್ಲಿ ಅಚ್ಚಾದ ಮಿತಿ ಎಲ್ಲರಿಗೂ ಹೊಂದದು: ಆರೋಗ್ಯವಂತರಿಗೆ ಎಲ್‌ಡಿಎಲ್ 100ರ ಒಳಗಿದ್ದರೆ ಒಳ್ಳೆಯದು, ಹೃದಯಾಘಾತ ಆದವರಿಗೆ 70ಕ್ಕಿಂತ ಕೆಳಗೆ, ಸಾಧ್ಯವಾದರೆ 55ರ ಒಳಗೆ ಬೇಕು. 190 ದಾಟಿದ್ದರೆ ವಂಶವಾಹಿ ದೋಷವಿದೆಯೇ ಎಂದು ನೋಡಬೇಕು. ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಆಗಲಿ.

‘ಎಚ್‌ಡಿಎಲ್ ಚೆನ್ನಾಗಿದೆ, ಎಲ್‌ಡಿಎಲ್ ಎಷ್ಟಿದ್ದರೇನು’ ಎಂಬ ಸಮಾಧಾನ ಬೇಡ. ಎಚ್‌ಡಿಎಲ್ ಏರಿಸಲೆಂದೇ ತಂದ ಔಷಧಗಳು ಅದನ್ನು ಏರಿಸಿದವು ನಿಜ, ಹೃದಯಾಘಾತವನ್ನು ಮಾತ್ರ ನಿರೀಕ್ಷಿಸಿದಂತೆ ತಗ್ಗಿಸಲಿಲ್ಲ.

ಮಾತ್ರೆ ಶುರುವಾದ ಮೇಲೆ

ಚಿಕಿತ್ಸೆಗೆ ಮೊದಲೇ ಥೈರಾಯ್ಡ್ ಪರೀಕ್ಷಿಸಿ. ಅದು ಮಂದವಾಗಿದ್ದರೆ ಎಲ್‌ಡಿಎಲ್ ಏರುತ್ತದೆ, ಅದಕ್ಕೆ ಮದ್ದು ಮಾಡಿದರೆ ಇದೂ ಇಳಿಯುತ್ತದೆ. ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಆರಂಭಿಸಿ 4ರಿಂದ 12 ವಾರಗಳಿಗೆ ಮರುಪರೀಕ್ಷೆ. ವರದಿ ಸರಿಯಾಯಿತೆಂದು ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಜಾಗಕ್ಕೆ ಬರುತ್ತದೆ. ಗುರಿ ಮುಟ್ಟಲಿಲ್ಲವೆಂದು ನೀವೇ ಎರಡು ಮಾತ್ರೆ ನುಂಗಬೇಡಿ. ಸ್ಟ್ಯಾಟಿನ್ ಪ್ರಮಾಣ ದುಪ್ಪಟ್ಟಾದರೆ ಎಲ್‌ಡಿಎಲ್ ಮತ್ತೆ ಇಳಿಯುವುದು ಶೇ 6ರಷ್ಟು ಮಾತ್ರ. ವೈದ್ಯರು ಎಜೆಟಿಮೈಬ್‌ನಂಥ ಎರಡನೇ ಔಷಧ ಸೇರಿಸುವುದು ಅದಕ್ಕೇ.