ಮಳೆಗೆ ಮನೆ ಹಾಳಾಗಿ ಪರಿಹಾರ ತಿರಸ್ಕಾರ ಆಗಿದ್ರೆ
ಮಂಜೇಶ್ವರ, ಕಾಸರಗೋಡು ಕಡೆಯವರಿಗೆ ಒಂದು ಸಲಹೆ. ಮೇಲ್ಮನವಿಯಲ್ಲಿ ಕಷ್ಟ ಹೇಳಿಕೊಳ್ಳುವ ಮೊದಲು, ನಿಮ್ಮ ಮನೆಯ ಹಾನಿ ವರದಿಯ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ತೆಗೆದುಕೊಳ್ಳಿ. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೆ ಸಾಕು, ಬಿಪಿಎಲ್‌ನವರಿಗೆ ಅದೂ ಬೇಡ. ಯಾಕೆಂದರೆ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಭಾಗಶಃ ಹಾನಿ ಅಂದರೆ ಕನಿಷ್ಠ 15 ಶೇಕಡಾ. ವರದಿಯಲ್ಲಿ 10 ಅಂತ ಬರೆದಿದ್ದರೆ ನೀವು ಎಷ್ಟು ಅತ್ತರೂ ಫೈಲು ಅಲ್ಲೇ ನಿಲ್ಲುತ್ತದೆ, ಅಲ್ವಾ? ಹಾಗಾಗಿ ಜಗಳ ಆ ಅಂಕೆಯ ಜೊತೆ ಇರಲಿ. "ಮಾಡು ಹಾರಿದೆ" ಅಂತ ಸುಮ್ನೆ ಬರೆಯಬೇಡಿ. "ಅಡುಗೆಕೋಣೆಯ 140 ಹಂಚು, ನಾಲ್ಕು ಪಕ್ಕಾಸು, ಪಡುಬದಿಯ ಗೋಡೆ ಆರು ಅಡಿ" ಅಂತ ಎಣಿಸಿ ಬರೆಯಿರಿ. ಗೋಡೆಗೆ ಟೇಪು ಹಿಡಿದೇ ಫೋಟೋ ತೆಗೆಯಿರಿ, ಮರುಪರಿಶೀಲನೆಗೆ ಬರಲಿ ಅಂತ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬರಲು 30 ದಿನ ಹಿಡಿಯಬಹುದು. ಅಷ್ಟರೊಳಗೆ ಒಂದು ಚಿಕ್ಕ ಮೇಲ್ಮನವಿ ಕೊಟ್ಟು ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ, ವಿವರ ಆಮೇಲೆ ಸೇರಿಸಬಹುದು. ಕನ್ನಡದಲ್ಲೇ ಬರೆಯಿರಿ, ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕು ಕಾನೂನಿನಲ್ಲೇ ಇದೆ. ಮಲಯಾಳ ಬಾರದೆ ಯಾರಿಂದಲೋ ಬರೆಸಿದರೆ ಹಂಚಿನ ಲೆಕ್ಕವೇ ತಪ್ಪುವುದು ಜಾಸ್ತಿ. ಮನೆಗೆ ಅನುಮತಿಯೇ ಇಲ್ಲ ಅಂತ ತಿರಸ್ಕರಿಸಿದ್ದರೆ ಈ ಉಪಾಯ ನಡೆಯುವುದಿಲ್ಲ. ಫೋಟೋ ತೆಗೆಯದೆ ರಿಪೇರಿ ಮುಗಿಸಿದ್ದರೂ ಕಷ್ಟವೇ. ಒಡೆದ ಹಂಚಿನ ರಾಶಿಯನ್ನಾದರೂ ಅಂಗಳದಿಂದ ಎತ್ತಬೇಡಿ.