ಸಣ್ಣ ಅಂಗಡಿಯವರ ಐಟಿ ರಿಟರ್ನ್: ಮೊದಲು ವ್ಯಾಪಾರದ ಅಂಕಿ ಸರಿ ಮಾಡಿಕೊಳ್ಳಿ

ಸಣ್ಣ ಅಂಗಡಿಯವರ ರಿಟರ್ನ್‌ನಲ್ಲಿ ತಪ್ಪು ಹುಟ್ಟುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ವರ್ಷದ ಒಟ್ಟು ವ್ಯಾಪಾರ ಎಷ್ಟು ಎಂಬ ಅಂಕಿಯಲ್ಲಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂದು ಬೋರ್ಡ್ ಹಾಕಿದರು. ಅದು ಜಿಎಸ್‌ಟಿ ವಿಷಯ. ಆದರೆ ಆದಾಯ ತೆರಿಗೆಯಲ್ಲಿ ನಗದಿಗೆ ಹೋದವರಿಗೇ ನಷ್ಟ. ಏಕೆಂದು ಮುಂದೆ ನೋಡಿ.

ಇಲ್ಲಿನ ಲೆಕ್ಕವೆಲ್ಲ 2025-26ರ ಹಣಕಾಸು ವರ್ಷದ್ದು.

ಜಮೆಯೆಲ್ಲ ವ್ಯಾಪಾರವಲ್ಲ

ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದುಕೊಂಡು ಒಂದೊಂದು ಜಮೆಯ ಪಕ್ಕ ಏನೆಂದು ಬರೆಯಿರಿ. ಒಂದು ಸ್ಟೇಷನರಿ ಅಂಗಡಿಯ ಖಾತೆಗೆ ಯುಪಿಐನಲ್ಲಿ 31.4 ಲಕ್ಷ ಬಂದಿದೆ ಎನ್ನಿ. ಅದರಲ್ಲಿ ಚೀಟಿ ಎತ್ತಿದ್ದು 3 ಲಕ್ಷ, ತಮ್ಮದೇ ಉಳಿತಾಯ ಖಾತೆಯಿಂದ ಹಾಕಿಕೊಂಡದ್ದು 1.6 ಲಕ್ಷ, ಭಾವಮೈದುನ ವಾಪಸ್ ಕೊಟ್ಟ ಕೈಸಾಲ 80 ಸಾವಿರ. ಇವನ್ನು ಕಳೆದರೆ ನಿಜವಾದ ವ್ಯಾಪಾರ 26 ಲಕ್ಷ. ವರ್ಷ ಮುಗಿದ ಮೇಲೆ ಕೂತು ನೆನಪಿಸಿಕೊಳ್ಳಲು ಆಗುವುದಿಲ್ಲ, ತಿಂಗಳಿಗೊಮ್ಮೆ ಬರೆದಿಡಿ. ಅಂಗಡಿಗೊಂದು, ಮನೆಗೊಂದು ಖಾತೆ ಇಟ್ಟರೆ ಈ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ.

ನಗದು ವ್ಯಾಪಾರವನ್ನು ಗಲ್ಲಾ ಪುಸ್ತಕದಿಂದ ಕೂಡಿಸಿ. ಗಲ್ಲಾದ ಹಣ ಬ್ಯಾಂಕಿಗೆ ಕಟ್ಟಿದರೆ ಅದು ಡಿಜಿಟಲ್ ಆಯಿತು ಎಂದುಕೊಳ್ಳುವವರು ಬಹಳ. ಹಾಗಲ್ಲ. ಗಿರಾಕಿ ಕೊಟ್ಟದ್ದು ನೋಟು ಎಂದರೆ ಅದು ನಗದೇ.

6 ಮತ್ತು 8ರ ಲೆಕ್ಕ

ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿ ಅಡಿ ಲೆಕ್ಕಪುಸ್ತಕ ಇಡದೆ ಅಂದಾಜು ಲಾಭ ತೋರಿಸಬಹುದು. ಯುಪಿಐ, ಬ್ಯಾಂಕ್ ವರ್ಗಾವಣೆ, ಅಕೌಂಟ್ ಪೇಯಿ ಚೆಕ್‌ನಲ್ಲಿ ಬಂದ ವ್ಯಾಪಾರಕ್ಕೆ ಕನಿಷ್ಠ ಶೇ. 6, ನಗದಿಗೆ ಕನಿಷ್ಠ ಶೇ. 8. ನಗದಿಗೆ ಹೋದವರಿಗೇ ನಷ್ಟ ಎಂದದ್ದು ಇದಕ್ಕೇ. ವರ್ಷದ ವ್ಯಾಪಾರ 2 ಕೋಟಿ ಮೀರಬಾರದು; ನಗದು ಶೇ. 5ರ ಒಳಗಿದ್ದರೆ 3 ಕೋಟಿವರೆಗೆ ಅವಕಾಶ. ಉದ್ರಿ ಕೊಟ್ಟ ಮಾಲಿನ ಹಣ ರಿಟರ್ನ್‌ನ ಕೊನೆಯ ದಿನದೊಳಗೆ ಯುಪಿಐನಲ್ಲಿ ಬಂದರೆ ಅದಕ್ಕೂ ಶೇ. 6.

ಮೇಲಿನ ಅಂಗಡಿಗೆ ನಗದು ವ್ಯಾಪಾರ 12 ಲಕ್ಷ ಇದೆ ಎನ್ನಿ. 26 ಲಕ್ಷಕ್ಕೆ ಶೇ. 6 ಎಂದರೆ 1,56,000. 12 ಲಕ್ಷಕ್ಕೆ ಶೇ. 8 ಎಂದರೆ 96,000. ಒಟ್ಟು 2,52,000. ಬಹಳ ಜನ ಇಷ್ಟನ್ನೇ ಹಾಕಿ ಕೈತೊಳೆದುಕೊಳ್ಳುತ್ತಾರೆ. ಆದರೆ ಇದು ಕನಿಷ್ಠ ಮಿತಿ ಮಾತ್ರ. ನಿಜವಾಗಿ ಉಳಿದದ್ದು 5.4 ಲಕ್ಷ ಎಂದರೆ 5.4 ಲಕ್ಷವನ್ನೇ ತೋರಿಸಬೇಕು. ಇದರಿಂದ ಕಳೆದುಕೊಳ್ಳುವುದಾದರೂ ಏನು? ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ 87ಎ ರಿಯಾಯಿತಿಯಿಂದ ತೆರಿಗೆ ಸೊನ್ನೆ. ಲಾಭ ಕಡಿಮೆ ಬರೆದವರು ಆಮೇಲೆ ಅಂಗಡಿ ಸಾಲಕ್ಕೆ ಹೋದಾಗ ಬ್ಯಾಂಕು ನೋಡುವುದೂ ಅದೇ ಕಡಿಮೆ ಅಂಕಿಯನ್ನು.

ಬಾಡಿಗೆ, ಸಂಬಳ, ಕರೆಂಟು, ಸವಕಳಿ ಎಲ್ಲವೂ ಈ ಅಂದಾಜಿನಲ್ಲೇ ಕಳೆದಿವೆ ಎಂದು ಕಾನೂನು ಭಾವಿಸುತ್ತದೆ, ಮತ್ತೆ ಕಳೆಯುವಂತಿಲ್ಲ. ಎಲ್‌ಐಸಿ ಕಂತು ವ್ಯಾಪಾರದ ಖರ್ಚೇ ಅಲ್ಲ. ಅದು 80ಸಿ ವಿನಾಯಿತಿ, ಹಳೆಯ ಪದ್ಧತಿಯಲ್ಲಿ ಮಾತ್ರ. ವ್ಯಾಪಾರದ ಆದಾಯ ಇರುವವರು ಹಳೆಯ ಪದ್ಧತಿ ಬೇಕೆಂದರೆ ಕೊನೆಯ ದಿನದೊಳಗೆ ಫಾರ್ಮ್ 10-ಐಇಎ ಸಲ್ಲಿಸಬೇಕು.

44ಎಡಿ ಎಲ್ಲರಿಗೂ ಇಲ್ಲ. ಕಮಿಷನ್, ದಲಾಲಿ, ಏಜೆನ್ಸಿ ಆದಾಯ ಇರುವವರಿಗೆ ಸಲ್ಲದು. ಅಂಗಡಿಯ ಜೊತೆ ವಿಮಾ ಏಜೆಂಟ್ ಆಗಿರುವವರು ಎಡವುವುದು ಇಲ್ಲೇ. ವೈದ್ಯರು, ವಕೀಲರು, ಎಂಜಿನಿಯರ್‌ಗಳಿಗೆ 44ಎಡಿಎ ಇದೆ, ಅಲ್ಲಿ ಕನಿಷ್ಠ ಶೇ. 50. ಇನ್ನೊಂದು ಎಚ್ಚರ: ಒಮ್ಮೆ 44ಎಡಿ ಹಿಡಿದು ಮುಂದಿನ ಐದು ವರ್ಷದೊಳಗೆ ಬಿಟ್ಟರೆ, ಮತ್ತೆ ಐದು ವರ್ಷ ಅದು ಸಿಗುವುದಿಲ್ಲ. ಆ ಅವಧಿಯಲ್ಲಿ ಆದಾಯವು ತೆರಿಗೆಯ ಮೂಲ ವಿನಾಯಿತಿ ಮಿತಿ ದಾಟಿದರೆ ಪುಸ್ತಕ, ಆಡಿಟ್ ಎರಡೂ ಬೇಕು.

ಖರ್ಚು ಕಳೆದು ಲಾಭ ತೋರಿಸುವವರಿಗೆ

ಲಾಭ ನಿಜವಾಗಿಯೂ ಮೇಲಿನ ಶೇ. 6 ಮತ್ತು 8ರ ಕನಿಷ್ಠ ಲೆಕ್ಕಕ್ಕಿಂತ ಕಡಿಮೆ ಇದ್ದರೆ ಪುಸ್ತಕ ಇಟ್ಟು ಐಟಿಆರ್-3 ಫಾರ್ಮ್ ಹಾಕುವ ದಾರಿ. ಇಲ್ಲಿ ಖರ್ಚು ಮಾಡಿದ್ದಕ್ಕಿಂತ ಹೇಗೆ ಪಾವತಿಸಿದಿರಿ ಎಂಬುದೇ ಮುಖ್ಯ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚು ಪೂರ್ತಿ ತಳ್ಳಿಹೋಗುತ್ತದೆ, ಬಿಲ್ ಇದ್ದರೂ ಸರಿಯೆ. ಲಾರಿ ಬಾಡಿಗೆಗೆ ಮಾತ್ರ ಮಿತಿ 35,000. ಫ್ರಿಜ್, ತಕ್ಕಡಿ ಅದೇ ರೀತಿ ನಗದಿನಲ್ಲಿ ಕೊಂಡರೆ ಸವಕಳಿ ಸಿಗದು. ಯಂತ್ರಕ್ಕೆ ಸವಕಳಿ ಶೇ. 15, ಪೀಠೋಪಕರಣಕ್ಕೆ 10, ಕಂಪ್ಯೂಟರ್‌ಗೆ 40. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಸಣ್ಣ ತಯಾರಕರಿಂದ ಮಾಲು ತಂದವರು ಇದನ್ನೂ ನೆನಪಿಡಿ: ಅವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡಿದ್ದರೆ 15 ದಿನದಲ್ಲಿ, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ ಹಣ ಸೇರಬೇಕು. ತಡವಾಗಿ ಮುಂದಿನ ವರ್ಷ ಕೊಟ್ಟರೆ ಖರ್ಚು ಕೊಟ್ಟ ವರ್ಷಕ್ಕೇ ಸೇರುತ್ತದೆ.

ಸಲ್ಲಿಸುವಾಗ

ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೊದಲು 26ಎಎಸ್ ಮತ್ತು ಎಐಎಸ್ (ನಿಮ್ಮ ಬಗ್ಗೆ ಇಲಾಖೆಯ ಬಳಿ ಇರುವ ಮಾಹಿತಿಯ ಪಟ್ಟಿಗಳು) ತೆರೆಯಿರಿ. ಟಿಡಿಎಸ್ (ಕೊಡುವವರೇ ಮುರಿದುಕೊಂಡ ತೆರಿಗೆ), ಠೇವಣಿ ಬಡ್ಡಿ ಅಲ್ಲೇ ಕಾಣುತ್ತದೆ. ಬಡ್ಡಿ ಬಿಟ್ಟುಹೋಗುವುದೇ ಹೆಚ್ಚು. ಜಿಎಸ್‌ಟಿ ನೋಂದಣಿ ಇದ್ದರೆ ಜಿಎಸ್‌ಟಿ ರಿಟರ್ನ್ 3ಬಿಯಲ್ಲಿ ತೋರಿಸಿದ ವ್ಯಾಪಾರಕ್ಕೂ 44ಎಡಿಯವರ ಫಾರ್ಮ್ ಆದ ಐಟಿಆರ್-4ರ ಅಂಕಿಗೂ ತಾಳೆ ನೋಡಿ. ಮಾರ್ಚ್ 31ರ ದಾಸ್ತಾನು, ಕೈಯಲ್ಲಿದ್ದ ನಗದು, ಬರಬೇಕಾದ ಮತ್ತು ಕೊಡಬೇಕಾದ ಬಾಕಿ ಕೇಳುತ್ತಾರೆ. ಬಾಯಿಗೆ ಬಂದ ಅಂಕಿ ಬೇಡ. ಆ ರಾತ್ರಿ ಗಲ್ಲಾ ಎಣಿಸಿ ಚೀಟಿಯಲ್ಲಿ ಬರೆದಿಟ್ಟಿರಿ.

ವರ್ಷದ ತೆರಿಗೆ 10,000 ಮುಟ್ಟುವಂತಿದ್ದರೆ 44ಎಡಿಯವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬೇಕು. ತಪ್ಪಿದರೆ ತಿಂಗಳಿಗೆ ಶೇ. 1ರಂತೆ ಬಡ್ಡಿ. ರಿಟರ್ನ್ ತಡವಾದರೆ 5,000 ಶುಲ್ಕ, ಆದಾಯ 5 ಲಕ್ಷದ ಒಳಗಿದ್ದರೆ 1,000. ಸಲ್ಲಿಸಿ 30 ದಿನದೊಳಗೆ ಆಧಾರ್ ಒಟಿಪಿಯಿಂದ ದೃಢೀಕರಿಸಿ. ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ಸಿಮ್ ಹಳೆಯದಾಗಿದ್ದರೆ ಮೊದಲೇ ಬದಲಿಸಿಕೊಳ್ಳಿ.